ಕಾಕನಕೋಟೆಯ ಚಲಚ್ಚಿತ್ರವೂ ಫಿಲ್ಮು ತೊಳೆಯುವ ತೊಟ್ಟಿಯೂ

1. ವಿಷಯ ಪ್ರವೇಶ

ಹುಣಸೂರು, ಪಿರಿಯಾಪಟ್ಟಣ, ಹಿಂದೆ ಎಡತೊರೆಯೆಂದು ಹೆಸರಾಗಿದ್ದ ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಮೈಸೂರು ಜಿಲ್ಲೆಯ ಪಡುವಣ ಭಾಗದ ನಾಲ್ಕು ತಾಲ್ಲೂಕುಗಳ ಪೂರ್ವಚರಿತ್ರೆಗೆ ಬೇಕಾದ ಆಧಾರಗಳು ನಮ್ಮ ವಿದ್ವಾಂಸರಿಗೆ ಅಪರಿಚಿತವಾದುವಲ್ಲ. 1898ನೆಯ ಇಸವಿಯಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳು ಅಚ್ಚಾಗಿವೆ. ಕಾಕನಕೋಟೆಯ ಕಾಡು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ನಾಟಕದ ಮೂಲಕ ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ಪರಿಚಿತವಾಗಿದೆ. ಆದರೆ ಈ ಸೀಮೆಗೆ ಸಂಬಂಧಿಸಿದ ಮತ್ತೊಂದು ಬಗೆಯ ಆಧಾರವುಂಟು. ಅದು ಕಲ್ಲಿನ ಮೇಲಿಲ್ಲ, ಓಲೆಯ ಮೇಲೂ ಇಲ್ಲ; ಫಿಲ್ಮಿನ ಸುರುಳಿಯ ಮೇಲಿದೆ. 1935–36ರಲ್ಲಿ ಕಾಕನಕೋಟೆಯ ಅರಣ್ಯದಲ್ಲಿಯೂ ಮೈಸೂರಿನ ಆಸುಪಾಸಿನಲ್ಲಿಯೂ ತೆಗೆಯಲ್ಪಟ್ಟು, 1937ರಲ್ಲಿ ಲೋಕದ ಮುಂದೆ ಬಂದ ‘ಎಲಿಫೆಂಟ್ ಬಾಯ್’ ಎಂಬ ಚಲಚ್ಚಿತ್ರವೇ ಅದು.

ಶಾಸನವನ್ನು ಓದುವವನು ಅದನ್ನು ಬರೆಯಿಸಿದ ಅರಸನಾರೆಂದು ಕೇಳಿ ಸುಮ್ಮನಾಗುವುದಿಲ್ಲ. ಕಂಡರಿಸಿದ ಕಲ್ಲುಕುಟಿಗನಾರು, ಲಿಪಿ ಯಾವ ಕಾಲದ್ದು ಎಂಬುದನ್ನೂ ವಿಚಾರಿಸುತ್ತಾನೆ. ಓಲೆಯ ಪ್ರತಿಯನ್ನು ಪರಿಷ್ಕರಿಸುವವನು ಕವಿಯ ಜತೆಗೆ ಲಿಪಿಕಾರನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಫಿಲ್ಮಿನ ವಿಷಯದಲ್ಲಿ ಮಾತ್ರ ಚಿತ್ರ ತೆಗೆದವನ ಹೆಸರನ್ನು ಹೇಳಿ ಮುಗಿಸಿಬಿಡುವ ವಾಡಿಕೆಯಿದೆ. ತೆಗೆದ ಫಿಲ್ಮನ್ನು ಕತ್ತಲೆಯಲ್ಲಿ ತೊಳೆದು, ಅದರಲ್ಲಿ ಅಡಗಿರುವ ರೂಪವನ್ನು ಕಣ್ಣಿಗೆ ಕಾಣುವಂತೆ ಮಾಡಿದವರಾರು, ಯಾವ ಪಾತ್ರೆಯಲ್ಲಿ, ಯಾವ ನೀರಿನಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಈ ಪ್ರಶ್ನೆ ಬರಿಯ ಕುಶಲಕರ್ಮದ ಪ್ರಶ್ನೆಯಲ್ಲವೆಂದೂ, ಒಂದು ನಾಡಿನ ದೃಶ್ಯಸ್ಮೃತಿ ಯಾರ ಕೈಯಲ್ಲಿ ಉಳಿಯುತ್ತದೆಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಇದೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶ.

2. ನೀಳ ಸುರುಳಿಯ ತೊಡಕು

ಸಾಮಾನ್ಯ ಛಾಯಾಚಿತ್ರಗಾರನು ಬಳಸುವ 36 ಚಿತ್ರಗಳ ಫಿಲ್ಮು ಸುಮಾರು 1.6 ಮೀಟರು, ಎಂದರೆ 5 ಅಡಿಗಿಂತ ತುಸು ಹೆಚ್ಚು ಉದ್ದವಾಗಿರುವುದು. ಅದನ್ನು ಅಂಗೈಯಗಲದ ಸುರುಳಿಗಾಲಿಗೆ ಸುತ್ತಿ, ಚೊಂಬಿನಷ್ಟು ಗಾತ್ರದ ಮುಚ್ಚಿದ ಡಬ್ಬಿಯೊಳಗಿಟ್ಟು, ಯಾವ ಮನೆಯ ಬಚ್ಚಲಿನಲ್ಲಾದರೂ ತೊಳೆಯಬಹುದು. ಚಲಚ್ಚಿತ್ರದ ಫಿಲ್ಮಿನ ಸಂಗತಿ ಬೇರೆ. 35 ಮಿಲಿಮೀಟರು ಅಗಲದ ಫಿಲ್ಮು ಶಬ್ದಚಿತ್ರದ ವೇಗದಲ್ಲಿ ಮಿನಿಟಿಗೆ 90 ಅಡಿಯಂತೆ ಓಡುವುದು. 400 ಅಡಿಯ ಒಂದು ಸುರುಳಿ ನಾಲ್ಕೂವರೆ ಮಿನಿಟಿನೊಳಗೆ ಮುಗಿದುಹೋಗುವುದು. ಮನೆಯವರ ಉಪಯೋಗಕ್ಕೆಂದು 1923ರಲ್ಲಿ ಕೊಡಾಕ್ ಸಂಸ್ಥೆಯು ಹೊರತಂದ 16 ಮಿಲಿಮೀಟರಿನ ಫಿಲ್ಮು ಕೂಡ 100 ಅಡಿಯ, ಎಂದರೆ 30.5 ಮೀಟರಿನ ಸುರುಳಿಯಾಗಿ ಬರುತ್ತಿದ್ದಿತು.

ತೊಳೆಯುವ ಕ್ರಮವೇನೋ ಎರಡಕ್ಕೂ ಒಂದೇ. ಮೊದಲು ಡೆವಲಪರ್ ದ್ರಾವಣ. ಅದು ಬೆಳಕು ತಾಗಿದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುವುದು. ಬಳಿಕ ನೀರು, ಅನಂತರ ಹೈಪೋ, ಅದು ಬೆಳಕು ತಾಗದೆ ಉಳಿದ ಲವಣವನ್ನು ಕರಗಿಸಿ ತೆಗೆಯುವುದು. ಕೊನೆಗೆ ಹೈಪೋವಿನ ಅಂಶ ಲೇಶವೂ ಉಳಿಯದಂತೆ ಬಹುಹೊತ್ತು ನೀರಿನಲ್ಲಿ ಜಾಲಿಸಿ, ಧೂಳಿಲ್ಲದ ಕಡೆ ಒಣಗಿಸಬೇಕು. ತೊಡಕೆಲ್ಲವೂ ಒಂದೇ ನಿಯಮದಿಂದ ಹುಟ್ಟುತ್ತದೆ: ಫಿಲ್ಮಿನ ಒಂದು ಮಡಿಕೆ ಮತ್ತೊಂದನ್ನು ಮುಟ್ಟಕೂಡದು, ಉದ್ದಕ್ಕೂ ಪ್ರತಿಯೊಂದು ಅಂಗುಲಕ್ಕೂ ದ್ರಾವಣವು ಒಂದೇ ಸಮನಾಗಿ, ಒಂದೇ ಕಾಲದವರೆಗೆ ತಾಗಬೇಕು.

ಯಂತ್ರಗಳು ಬರುವುದಕ್ಕೆ ಮೊದಲು ಇದಕ್ಕೆ ಕಂಡುಕೊಂಡಿದ್ದ ಉಪಾಯ ಮರದ ಚೌಕಟ್ಟು. ಫಿಲ್ಮನ್ನು 200 ಅಡಿಯಷ್ಟು ಉದ್ದಕ್ಕೆ ಕತ್ತರಿಸಿ, ಮಗ್ಗದ ಹಾಸಿನಂತೆ ಚೌಕಟ್ಟಿಗೆ ಸುತ್ತಿ, ನಿಲುವಾದ ತೊಟ್ಟಿಗಳಲ್ಲಿ ಒಂದಾದಮೇಲೊಂದರಂತೆ ಅದ್ದುತ್ತಿದ್ದರು. ಒಣಗಿಸುವುದಕ್ಕೆ ದೊಡ್ಡ ಉರುಳೆಯೊಂದಕ್ಕೆ ಸುತ್ತಿ ತಿರುಗಿಸುತ್ತಿದ್ದರು. ಇದರ ಪ್ರಮಾಣವನ್ನು ಲೆಕ್ಕಹಾಕಿ ನೋಡಬಹುದು. ಚೌಕಟ್ಟು 4 ಅಡಿ ಎತ್ತರವಿದ್ದರೆ ಒಂದು ಸುತ್ತಿಗೆ 8 ಅಡಿ. 200 ಅಡಿಗೆ 25 ಸುತ್ತು. ಒಂದು ಸುತ್ತಿಗೆ ಅಂಚಿನ ತೆರಪೂ ಸೇರಿ ಒಂದೂವರೆ ಅಂಗುಲವೆಂದರೆ ಅಗಲ 3 ಅಡಿಯನ್ನು ಮೀರುವುದು. ಇಂಥ ಚೌಕಟ್ಟು ಮುಳುಗುವ ತೊಟ್ಟಿ ಎಷ್ಟೇ ಕಿರಿದಾಗಿದ್ದರೂ 100 ಲೀಟರಿಗೆ ಕಡಮೆಯಿಲ್ಲದೆ ದ್ರಾವಣವನ್ನು ಬೇಡುವುದು. ಅಂಥವು ಮೂರಾದರೂ ಬೇಕು. ಐದಡಿಯ ಫಿಲ್ಮಿಗೂ ಇನ್ನೂರಡಿಯ ಫಿಲ್ಮಿಗೂ ಇರುವ ಅಂತರ ಇದು.

3. ಮನೆಯಲ್ಲಿ ತೊಳೆದವರು

ಇಷ್ಟು ತೊಡಕಿದ್ದರೂ ಚಲಚ್ಚಿತ್ರದ ಆದಿಪರ್ವದಲ್ಲಿ ಈ ಕೆಲಸ ಎಷ್ಟೋ ಕಡೆ ಮನೆಯಲ್ಲಿಯೇ ನಡೆಯಿತು. ನಮ್ಮ ದೇಶದ ಪ್ರಥಮ ಕಥಾಚಿತ್ರಗಳಲ್ಲಿ ಅಗ್ರಗಣ್ಯವಾದ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯಲ್ಲಿ ಪ್ರದರ್ಶಿತವಾಯಿತು. ಅದರ ಕರ್ತೃವಾದ ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರವನ್ನೂ ಫಿಲ್ಮಿನ ಅಂಚಿಗೆ ರಂಧ್ರ ಹಾಕುವ ಯಂತ್ರವನ್ನೂ ತಂದಿದ್ದರು. ಆಗ ಹಸಿ ಫಿಲ್ಮು ರಂಧ್ರಗಳಿಲ್ಲದೆ ಬರುತ್ತಿದ್ದುದರಿಂದ ಅಡಿಯಡಿಗೂ ಕೈಯಿಂದಲೇ ರಂಧ್ರ ಹಾಕಬೇಕಾಗಿದ್ದಿತು, ಅದೂ ಕತ್ತಲೆಯಲ್ಲಿ. ದಾದರಿನ ಮನೆಯಲ್ಲಿ ಈ ಕೆಲಸವನ್ನು ಮಾಡಿದವರು ಅವರ ಪತ್ನಿ ಸರಸ್ವತೀಬಾಯಿ. ಹಗಲೆಲ್ಲ ಮಂಡಲಿಯವರಿಗೆ ಅಡಿಗೆ ಮಾಡಿ ಬಡಿಸಿ, ರಾತ್ರಿ ರಂಧ್ರ ಹಾಕುವುದು, ದ್ರಾವಣ ಬೆರಸುವುದು, ಫಿಲ್ಮು ತೊಳೆಯುವುದು ಇವೆಲ್ಲವೂ ಆ ಮಹಾತಾಯಿಯ ಪಾಲಿಗೆ ಬಂದಿದ್ದುವು. 3,700 ಅಡಿಯ ಆ ಚಿತ್ರದ ಚರಿತ್ರೆಯಲ್ಲಿ ಅಡಿಗೆಮನೆಗೂ ಕತ್ತಲೆಕೋಣೆಗೂ ನಡುವೆ ಗೋಡೆಯಿರಲಿಲ್ಲವೆಂದು ಹೇಳಬಹುದು.

ಕಾಕನಕೋಟೆಗೆ ಮುಂದೆ ಬರಲಿದ್ದ ರಾಬರ್ಟ್ ಫ್ಲಾಹರ್ಟಿಯ ಅನುಭವವಂತೂ ಇನ್ನೂ ವಿಚಿತ್ರವಾದುದು. ಉತ್ತರ ಕೆನಡದ ಎಸ್ಕಿಮೋ ಜನರನ್ನು ಕುರಿತು ಆತನು ಮೊದಲು ತೆಗೆದಿದ್ದ ಸುಮಾರು 30,000 ಅಡಿ ಫಿಲ್ಮು 1916ರಲ್ಲಿ ಒಂದು ಸಿಗರೇಟಿನ ಕಿಡಿಯಿಂದ ಸುಟ್ಟುಹೋಯಿತು. 1920ರಲ್ಲಿ ಆತನು ಮತ್ತೆ ಹಡ್ಸನ್ ಕೊಲ್ಲಿಯ ಪೂರ್ವತೀರಕ್ಕೆ ಹೋದಾಗ 75,000 ಅಡಿ ಹಸಿ ಫಿಲ್ಮಿನೊಡನೆ ತೊಳೆಯುವ ಸಾಮಗ್ರಿ, ಮುದ್ರಿಸುವ ಯಂತ್ರ, ಪ್ರದರ್ಶನಯಂತ್ರ ಇವುಗಳನ್ನೂ ಒಯ್ದನು. ವಿದ್ಯುದ್ದೀಪ ಒಂದೇ ಸಮನಾಗಿ ಉರಿಯದೆ ಹೋದುದರಿಂದ, ಗುಡಿಸಲಿನ ಕಿಟಕಿಯಲ್ಲಿ ಫಿಲ್ಮಿನ ಒಂದು ಚಿತ್ರದಷ್ಟೇ ತೆರಪನ್ನು ಬಿಟ್ಟು, ಹಗಲುಬೆಳಕಿನಿಂದಲೇ ಪ್ರತಿ ಮುದ್ರಿಸಿದನು; ಬೆಳಕು ಹೆಚ್ಚಾದಾಗ ತೆಳುಬಟ್ಟೆಯ ತೆರೆ ಹಾಕಿದನು. ತೊಳೆಯುವ ನೀರಿಗಾಗಿ ಆರಡಿ ದಪ್ಪದ ಹಿಮವನ್ನು ಕೊರೆದು ಬಾವಿಯಂತೆ ಮಾಡಿ, ನಾಯಿಬಂಡಿಯ ಮೇಲೆ ಪೀಪಾಯಿಗಳಲ್ಲಿ ನೀರು ತರಿಸಬೇಕಾಯಿತು. ನೀರು ತರುವವರ ಚರ್ಮದುಡುಪಿನಿಂದ ಜಿಂಕೆಯ ಕೂದಲು ಉದುರಿ ಪೀಪಾಯಿಗೆ ಬೀಳುತ್ತಿದ್ದುದರಿಂದ ಅದನ್ನು ಒಂದೊಂದಾಗಿ ಆರಿಸಿ ತೆಗೆಯಬೇಕಾಗಿತ್ತು. ಒಣಗಿಸುವ ಕೋಣೆಗೆ ಇದ್ದಲು ಸಾಲದೆ ತೀರಕ್ಕೆ ತೇಲಿಬಂದ ಮರವನ್ನು ಉರಿಸಿದರು.

ಇದರ ಫಲವು ಗಮನಿಸತಕ್ಕದ್ದು. ಫಿಲ್ಮು ಅಲ್ಲಿಯೇ ತೊಳೆಯಲ್ಪಟ್ಟುದರಿಂದ, ವಾಲ್ರಸ್ ಬೇಟೆಯ ಚಿತ್ರವನ್ನು ಬೇಟೆಯಾಡಿದವರೇ ಆ ಗುಡಿಸಲಿನಲ್ಲಿ ಕುಳಿತು ನೋಡಿದರು. ತೆರೆಯ ಮೇಲಿನ ಮೃಗವನ್ನು ಬಿಡಬೇಡವೆಂದು ಕೂಗಿದರು. ಅಂದಿನಿಂದ ಅವರು ಚಿತ್ರಕ್ಕೆ ಒಳಗಾದವರು ಮಾತ್ರವಲ್ಲ, ಮುಂದೆ ಏನನ್ನು ತೆಗೆಯಬೇಕೆಂದು ಸೂಚಿಸುವ ಸಹಕರ್ತೃಗಳೂ ಆದರು. ತೊಟ್ಟಿಯು ಜನರ ಬಳಿಯಲ್ಲಿದ್ದುದೇ ಇದಕ್ಕೆ ಕಾರಣ.

1923–24ರಲ್ಲಿ ಸಮೋವ ದ್ವೀಪದಲ್ಲಿ ‘ಮೋಆನ’ ಚಿತ್ರವನ್ನು ತೆಗೆದಾಗ ಸಮಸ್ಯೆ ತಲೆಕೆಳಗಾಯಿತು. ಅಲ್ಲಿ ಚಳಿಯಲ್ಲ, ಸೆಕೆ. ತಣ್ಣೀರಿಗಾಗಿ ಗುಹೆಯೊಂದರ ಕೊಳವನ್ನು ಆಶ್ರಯಿಸಿ, ಆ ಊರಿನ ಇಬ್ಬರು ಹುಡುಗರಿಗೆ ಕೆಲಸ ಕಲಿಸಿ, ಗುಹೆಯಲ್ಲಿಯೇ ಫಿಲ್ಮು ತೊಳೆಯಿಸಿದರು. ಕೆಲವು ಕಾಲಾನಂತರ ಫಿಲ್ಮಿನ ಮೇಲೆ ಕಲೆಗಳು ಕಾಣಿಸಿಕೊಂಡುವು. ಅದೇ ಕೊಳದ ನೀರನ್ನು ಕುಡಿದ ಫ್ಲಾಹರ್ಟಿ ಬೆಳ್ಳಿಯ ಲವಣದ ವಿಷದಿಂದ ಬಹಳ ಕಾಯಿಲೆ ಬಿದ್ದನು. ತೆಗೆದುದರಲ್ಲಿ ಬಹುಭಾಗವನ್ನು ಮತ್ತೆ ತೆಗೆಯಬೇಕಾಯಿತು. ನೀರು ಹತ್ತಿರವಿದ್ದರೆ ಸಾಲದು, ಅದು ಹರಿದುಹೋಗುವಂತೆಯೂ ಇರಬೇಕೆಂಬುದು ಈ ಪ್ರಸಂಗದ ಪಾಠ.

4. ಕಾಕನಕೋಟೆಯಲ್ಲಿ

ಹೀಗೆ ಹಿಮವನ್ನೂ ಸೆಕೆಯನ್ನೂ ಕಂಡಿದ್ದ ಫ್ಲಾಹರ್ಟಿಯು, 1893ರ ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಅಲೆಕ್ಸಾಂಡರ್ ಕೋರ್ಡನ ಸಂಸ್ಥೆಯ ಪರವಾಗಿ 1935ರಲ್ಲಿ ಮೈಸೂರಿಗೆ ಬಂದನು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರು ಸಿಂಹಾಸನದಲ್ಲಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರು. ಆನೆಯ ಮೇಲಿನ ಹುಡುಗನ ಪಾತ್ರಕ್ಕೆ ಮಹಾರಾಜರ ಆನೆಯ ಲಾಯದಿಂದ ಆರಿಸಲ್ಪಟ್ಟವನು ಸಾಬು; ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಕ್ಯಾಮೆರದ ಹಿಂದೆ ಇದ್ದವನು ಓಸ್ಮಂಡ್ ಬೊರಡೇಲ್. ಚಿತ್ರದ ಜೀವಾಳವಾದುದು ಕಾಕನಕೋಟೆಯ ಖೆಡ್ಡಾ.

ಖೆಡ್ಡಾದ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಸ್ಯಾಂಡರ್ಸನ್ ಎಂಬ ಅಧಿಕಾರಿಯು 1874ರಲ್ಲಿ ಚಾಮರಾಜನಗರದ ಕಡೆ ಸಫಲಗೊಳಿಸಿದ ಈ ಪದ್ಧತಿ ಮುಂದೆ ಕಾಕನಕೋಟೆಯಲ್ಲಿ ಕಪಿಲಾನದಿಯನ್ನೇ ಬಲೆಯ ಒಂದು ಅಂಗವಾಗಿ ಮಾಡಿಕೊಂಡು ಪ್ರಸಿದ್ಧವಾಯಿತು. ಹಿಂಡಿನ ಜಾಡು ಹಿಡಿದು, ಸದ್ದುಮಾಡಿ, ಬೆಂಕಿ ತೋರಿಸಿ ಆನೆಗಳನ್ನು ನದಿಗೆ ಇಳಿಸಿ, ಆಚೆಯ ದೊಡ್ಡಿಗೆ ಸೇರಿಸುವ ಈ ಕಾರ್ಯದಲ್ಲಿ ಕಾಡಿನ ಕುರುಬರ ಜ್ಞಾನವೂ ಮಾವುತರ ಕೌಶಲವೂ ಮುಖ್ಯವಾದುವು.

ಫ್ಲಾಹರ್ಟಿಯು ಒಟ್ಟು ಸುಮಾರು 3,00,000 ಅಡಿ ಫಿಲ್ಮನ್ನು ಬಳಸಿದನೆಂದು ಹೇಳುತ್ತಾರೆ. ಎಂದರೆ 55 ಗಂಟೆಗಳ ಚಿತ್ರ. ಒಂದರ ತುದಿಗೊಂದನ್ನು ಜೋಡಿಸಿದರೆ 90 ಕಿಲೋಮೀಟರು. ಮೈಸೂರಿನಿಂದ ಕಾಕನಕೋಟೆಗೆ ಇದ್ದ ದಾರಿಗಿಂತಲೂ ಉದ್ದ. ಇದನ್ನು ಹಡ್ಸನ್ ಕೊಲ್ಲಿಯ ಗುಡಿಸಲಿನ ವಿಧಾನದಿಂದ ತೊಳೆಯುವುದಾದರೆ ಏನು ಬೇಕಾಗುತ್ತಿತ್ತೆಂದು ಊಹಿಸೋಣ. 200 ಅಡಿಯ ಚೌಕಟ್ಟಿನಂತೆ 1,500 ಸಲ ಅದ್ದಬೇಕು. ಪ್ರತಿಯೊಂದು ಸಲವೂ ತೊಟ್ಟಿಯ ನೀರನ್ನು ಐದಾವೃತ್ತಿ ಬದಲಾಯಿಸಿದರೆ, ಜಾಲಿಸುವುದಕ್ಕೆ ಮಾತ್ರವೇ ಏಳೂವರೆ ಲಕ್ಷ ಲೀಟರಿಗೆ ಕಡಮೆಯಿಲ್ಲದಷ್ಟು ತಿಳಿನೀರು ಬೇಕು. ಕಪಿಲೆಯಲ್ಲಿ ನೀರಿಗೆ ಬಡತನವಿರಲಿಲ್ಲ. ಆದರೆ ಮುಂಗಾರಿನಲ್ಲಿ ಅದು ಕದಡಿದ ಕೆನ್ನೀರು. ಮರಳಿನ ಒಂದು ಕಣ ಸಾಕು, ನೆನೆದು ಮೆತ್ತಗಾದ ಜಿಲೆಟಿನ್ ಪದರದ ಮೇಲೆ ಗೀರೆಳೆಯುವುದಕ್ಕೆ.

ಉಷ್ಣವೂ ಒಂದು ಶತ್ರು. ಡೆವಲಪರಿಗೆ ಹಿತವಾದುದು 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. ಬೇಸಗೆಯ ಹಗಲಿನಲ್ಲಿ ನಮ್ಮ ಸೀಮೆಯ ನೀರು ಅದನ್ನು ಬಹಳವಾಗಿ ಮೀರಿರುತ್ತದೆ. ಆಗ ಜಿಲೆಟಿನ್ ಉಬ್ಬಿ, ಬಲೆಯಂತೆ ಬಿರಿದು, ಕೊನೆಗೆ ಕರಗಿಯೇ ಹೋಗಬಹುದು. ಮಾಗಿಯ ಇರುಳೊಂದೇ ಇದಕ್ಕೆ ಅನುಕೂಲವಾದ ಕಾಲ.

ತೊಳೆದುದು ಎಲ್ಲಿಯೇ ಆಗಲಿ, ಆಯ್ಕೆ ನಡೆದುದು ಮಾತ್ರ ಇಲ್ಲಿ ಅಲ್ಲ. ಸುರುಳಿಗಳು ಇಂಗ್ಲೆಂಡಿಗೆ ಹೋದುವು. 1936ರಲ್ಲಿ ಲಂಡನ್ನಿನ ಬಳಿಯ ಡೆನ್ಹಾಮಿನಲ್ಲಿ ಜೋಲ್ತಾನ್ ಕೋರ್ಡನು ನಟರನ್ನಿಟ್ಟುಕೊಂಡು ಹೊಸ ದೃಶ್ಯಗಳನ್ನು ತೆಗೆದನು; ಸಾಬುವನ್ನೂ ಅಲ್ಲಿಗೆ ಕರೆಸಿಕೊಂಡರು. ಕೊನೆಗೆ ಸಿದ್ಧವಾದ ಚಿತ್ರ ಸುಮಾರು 80 ಮಿನಿಟಿನದು. ಎಂದರೆ 7,200 ಅಡಿ. ಅದರಲ್ಲಿ ಡೆನ್ಹಾಮಿನ ದೃಶ್ಯಗಳನ್ನು ಕಳೆಯದೆ ಹಾಗೆಯೇ ಲೆಕ್ಕಹಾಕಿದರೂ, ಇಲ್ಲಿ ತೆಗೆದುದರಲ್ಲಿ ನಲವತ್ತರಲ್ಲೊಂದು ಪಾಲಿಗಿಂತ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. 1937ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ನಿರ್ದೇಶನಕ್ಕಾಗಿ ಫ್ಲಾಹರ್ಟಿ, ಕೋರ್ಡ ಇಬ್ಬರಿಗೂ ಪ್ರಶಸ್ತಿ ಬಂದಿತು. ಯಾವ ಅಡಿಯನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ವಿಚಾರದಲ್ಲಿ ಹಡ್ಸನ್ ಕೊಲ್ಲಿಯ ಬೇಟೆಗಾರರಿಗೆ ದೊರೆತಿದ್ದ ಸ್ಥಾನಕ್ಕೂ ಡೆನ್ಹಾಮಿನ ಮೇಜಿಗೂ ಇರುವ ದೂರವನ್ನು ವಾಚಕರೇ ಅಳೆಯಬಹುದು.

5. ನಮ್ಮ ಸೀಮೆಯ ಸಾಧನಗಳು

ಹಾಗಾದರೆ ನೀಳವಾದ ಫಿಲ್ಮನ್ನು ತೊಳೆಯುವ ವಿದ್ಯೆ ಈ ನಾಲ್ಕು ತಾಲ್ಲೂಕುಗಳ ಕೈಗೆ ಎಟುಕದಂಥದೇ? ವಸ್ತುಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಹಾಗೆ ತೋರುವುದಿಲ್ಲ.

ಮೊದಲನೆಯದು ಪಾತ್ರೆ. ನಮ್ಮ ಮನೆಗಳ ತಾಮ್ರದ ಹಂಡೆ ಈ ಕೆಲಸಕ್ಕೆ ಆಗದು. ತಾಮ್ರದ ಅಂಶ ಸೇರಿದರೆ ಡೆವಲಪರ್ ಕೆಟ್ಟು ಫಿಲ್ಮಿಗೆ ಮಂಜು ಕವಿಯುವುದು. ಆದರೆ ಉಪ್ಪಿನಕಾಯಿಯ ಪಿಂಗಾಣಿ ಜಾಡಿ ದ್ರಾವಣವನ್ನು ಇಡುವುದಕ್ಕೆ ಅತ್ಯುತ್ತಮ. ಯೂರೋಪಿನ ಹಳೆಯ ಕರ್ಮಶಾಲೆಗಳಲ್ಲಿ ಕಲ್ಲುಹಲಗೆಯ ತೊಟ್ಟಿಗಳನ್ನು ಬಳಸುತ್ತಿದ್ದರು. ನಮ್ಮ ಹಿತ್ತಿಲಿನ ಕಲ್ಲುಮರಿಗೆ ಅದೇ ಜಾತಿಯದು. ಮೇಣ ಬಳಿದ ಮರದ ತೊಟ್ಟಿಯೂ ಆಗುವುದು. ದೀಪಕ್ಕೆ ವಿದ್ಯುತ್ತೇ ಬೇಕೆಂದಿಲ್ಲ. ಮೈಸೂರು ನಗರಕ್ಕೆ ವಿದ್ಯುದ್ದೀಪ ಬಂದುದು 1908ರಲ್ಲಿ. ಆದರೆ ಕೆಂಪು ಗಾಜಿನ ಸೀಮೆಎಣ್ಣೆಯ ಲಾಂದ್ರವನ್ನೇ ಇಟ್ಟುಕೊಂಡು ಛಾಯಾಚಿತ್ರಗಾರರು ಬಹುಕಾಲ ಕೆಲಸ ನಡೆಸಿದ್ದರು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಿಲ್ಮಿಗಾದರೋ ಯಾವ ದೀಪವೂ ಕೂಡದು. ಅದಕ್ಕೆ ಕಗ್ಗತ್ತಲೆಯೇ ಬೇಕು.

ಎರಡನೆಯದು ಸೆಕೆಗೆ ಪ್ರತೀಕಾರ. ಜಿಲೆಟಿನ್ ಎಂಬುದು ಪಶುಗಳ ಚರ್ಮ, ಎಲುಬುಗಳಿಂದ ತೆಗೆಯುವ ಅಂಟು. ಸೆಕೆಯ ದೇಶದಲ್ಲಿ ಅದು ಮೆತ್ತಗಾಗದಂತೆ ಕ್ರೋಮ್ ಪಟಿಕದ ದ್ರಾವಣದಿಂದ ಗಟ್ಟಿಗೊಳಿಸುತ್ತಾರೆ. ಇದು ಚರ್ಮ ಹದಮಾಡುವ ಕ್ರಿಯೆಯ ಸೋದರವಲ್ಲದೆ ಬೇರೆಯಲ್ಲ. ಹುಣಸೂರಿನಲ್ಲಿ ಹಿಂದಿನ ಶತಮಾನಗಳಲ್ಲಿಯೇ, ಅಮೃತಮಹಲ್ ದನಗಳ ಕೇಂದ್ರದೊಡನೆ, ಸೈನ್ಯದ ಉಪಯೋಗಕ್ಕಾಗಿ ಚರ್ಮ ಹದಮಾಡುವ ಕಾರ್ಖಾನೆಯಿದ್ದಿತು. ತಂಗಡಿಯ ತೊಗಟೆಯಿಂದ ಚರ್ಮ ಹದಮಾಡುವ ಮರ್ಮ ನಮ್ಮ ದೇಶದ ಕುಶಲಿಗಳಿಗೆ ಹಳೆಯ ವಿದ್ಯೆ. ಪದಾರ್ಥ ಬೇರೆಯಾದರೂ ತತ್ತ್ವವನ್ನು ಅವರು ಕೈಯಿಂದ ಬಲ್ಲವರಾಗಿದ್ದರು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಫಿಲ್ಮನ್ನು ಸುತ್ತುವ ಸಾಧನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಬಳಸಿದ ಮೋರ್ಸ್ ತೊಟ್ಟಿಯಲ್ಲಿ 100 ಅಡಿ ಫಿಲ್ಮನ್ನು ಎರಡು ಗಾಲಿಗಳ ನಡುವೆ ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿದ್ದರು. ತಿರುಗಿಸುವ ಕೈ ನಿಂತರೆ ಚಿತ್ರದಲ್ಲಿ ಪಟ್ಟೆ ಬೀಳುವುದು. ಸೋವಿಯತ್ ರಷ್ಯದವರು 15 ಮೀಟರಿನವರೆಗೆ ಹಿಡಿಸುವ ಸುರುಳಿಗಾಲಿಯ ತೊಟ್ಟಿಗಳನ್ನು ಮಾಡಿದರು; 100 ಅಡಿಯ ಫಿಲ್ಮನ್ನು ಅದಕ್ಕಾಗಿ ಕತ್ತಲೆಯಲ್ಲಿ ಎರಡಾಗಿ ಕತ್ತರಿಸಬೇಕು. ಈ ಎರಡೂ ಈಗ ಹಳೆಯ ಸಾಮಾನಿನ ವ್ಯಾಪಾರಿಗಳ ಬಳಿ ಹುಡುಕಬೇಕಾದ ವಸ್ತುಗಳು. ಇವು ದೊರೆಯದಿದ್ದರೆ ಉಳಿದಿರುವ ಮಾರ್ಗ ಉರುಳೆಯದು. ನೂಲು ಸುತ್ತುವ ರಾಟೆಯ ಚಕ್ರದಂತೆ ಮರದ ಪಟ್ಟಿಗಳಿಂದ 50 ಸೆಂಟಿಮೀಟರು ವ್ಯಾಸದ ಉರುಳೆಯೊಂದನ್ನು ಮಾಡಿದರೆ ಒಂದು ಸುತ್ತಿಗೆ 1.57 ಮೀಟರಾಗುವುದು, 16 ಮಿಲಿಮೀಟರಿನ 30.5 ಮೀಟರು ಫಿಲ್ಮಿಗೆ 20 ಸುತ್ತು. ನಡುವೆ 4 ಮಿಲಿಮೀಟರು ತೆರಪು ಬಿಟ್ಟರೂ ಉರುಳೆಯ ಉದ್ದ 40 ಸೆಂಟಿಮೀಟರನ್ನು ಮೀರದು. ಅದನ್ನು ಅಡ್ಡಲಾಗಿ ಕೂರಿಸಿ, ಕೆಳಭಾಗ ಮಾತ್ರ ಆಳವಿಲ್ಲದ ಬಾನಿಯ ದ್ರಾವಣದಲ್ಲಿ ಮುಳುಗುವಂತೆ ಇಟ್ಟು, ಎಡೆಬಿಡದೆ ತಿರುಗಿಸುತ್ತಿರಬೇಕು. ನೂರಾರು ಲೀಟರಿನ ಕೆಲಸ ಕೆಲವೇ ಲೀಟರುಗಳಲ್ಲಿ ಆಗುವುದು. ಫಿಲ್ಮು ನೆನೆದಾಗ ಸಡಿಲವಾಗುವುದರಿಂದ ತುದಿಯನ್ನು ರಬ್ಬರಿನ ಪಟ್ಟಿಯಿಂದ ಎಳೆದು ಕಟ್ಟಬೇಕೆಂಬುದೊಂದೇ ಎಚ್ಚರಿಕೆ. ಊರಿನ ಬಡಗಿ ಒಂದು ದಿನದಲ್ಲಿ ಮಾಡಿಕೊಡಬಹುದಾದ ವಸ್ತು ಇದು.

ಹೀಗೆ ಸಾಧನಗಳಿಗೆ ಅಭಾವವಿರಲಿಲ್ಲ. ಅವನ್ನು ಒಂದೆಡೆ ಕೂಡಿಸುವ ಅಗತ್ಯ ಕಂಡುಬರಲಿಲ್ಲ. ಮನೆಬಳಕೆಯ 16 ಮಿಲಿಮೀಟರಿನ ಫಿಲ್ಮನ್ನು ತೆಗೆದವರು ಅದನ್ನು ಮಾರಿದ ಸಂಸ್ಥೆಯ ಕರ್ಮಶಾಲೆಗೇ ಟಪಾಲಿನಲ್ಲಿ ಕಳುಹಿಸಿ ತೊಳೆಯಿಸಿಕೊಳ್ಳುವ ಪದ್ಧತಿ ಲೋಕದಲ್ಲೆಲ್ಲ ಬಳಕೆಗೆ ಬಂದಿತು. ಅನುಕೂಲದ ಜತೆಗೆ ಪರಾಧೀನತೆಯೂ ಬಂದಿತು. ಅದರ ಬೆಲೆ ಗೊತ್ತಾದುದು ಆ ಕರ್ಮಶಾಲೆಗಳು ಮುಚ್ಚಿದಮೇಲೆ. ಕೊಡಾಕ್ರೋಮ್ ಎಂಬ ವರ್ಣದ ಫಿಲ್ಮನ್ನು ತೊಳೆಯುತ್ತಿದ್ದ ಕಟ್ಟಕಡೆಯ ಕರ್ಮಶಾಲೆ 2010ರ ಡಿಸೆಂಬರಿನಲ್ಲಿ ಸುರುಳಿಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಅಂದಿಗೆ ತೊಳೆಯದೆ ಉಳಿದ ಸುರುಳಿಗಳಿಂದ ಇನ್ನು ವರ್ಣವನ್ನು ಬರಿಸುವಂತಿಲ್ಲ. ಕಪ್ಪು ಬಿಳುಪಿನ ಡೆವಲಪರಿನಲ್ಲಿ ತೊಳೆದು ರೂಪವನ್ನಷ್ಟೇ ಉಳಿಸಿಕೊಳ್ಳಬಹುದು.

6. ಉಪಸಂಹಾರ

ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. 1974ರಲ್ಲಿ ಪೂರ್ಣವಾದ ಕಬಿನಿ ಜಲಾಶಯದ ನೀರು ಹಳೆಯ ಕಾಕನಕೋಟೆಯ ನೆಲವನ್ನು ಆವರಿಸಿತು. ಆನೆಯನ್ನು ನದಿಗಿಳಿಸಿದ ಕಡವು, ದೊಡ್ಡಿಯಿದ್ದ ಬಯಲು ಇವನ್ನು ಈಗ ಹೋಗಿ ನೋಡುವಂತಿಲ್ಲ. ಸಾಬು 1963ರಲ್ಲಿಯೇ ಅಮೆರಿಕದಲ್ಲಿ ತೀರಿಕೊಂಡನು. ಆದುದರಿಂದ ಚಲಿಸುವ ರೂಪದಲ್ಲಿ ಆ ಸ್ಥಳವನ್ನೂ ಆ ಕಾರ್ಯವನ್ನೂ ತೋರಿಸಬಲ್ಲ ಪ್ರತಿಯೊಂದು ಅಡಿ ಫಿಲ್ಮೂ ಶಾಸನದಷ್ಟೇ ಬೆಲೆಯುಳ್ಳದು. ಅಂಥ ಆಧಾರ ಡೆನ್ಹಾಮಿನಲ್ಲಿ ಆರಿಸಿದ ಆ ಕೆಲವು ಸಾವಿರ ಅಡಿಗಳಿಗೆ ಮುಗಿಯಬೇಕಾಗಿಲ್ಲ. ಖೆಡ್ಡಾವನ್ನು ನೋಡಲು ಬಂದ ಅತಿಥಿಗಳು, ಅರಣ್ಯಾಧಿಕಾರಿಗಳು, ತೋಟದ ಒಡೆಯರು, ನೆರೆಯೂರುಗಳ ಹವ್ಯಾಸಿಗಳು ತೆಗೆದ ಸುರುಳಿಗಳು ಅಟ್ಟದ ಮೇಲಿನ ತಗಡಿನ ಡಬ್ಬಿಗಳಲ್ಲಿ ಉಳಿದಿರಬಹುದು. ತೆಗೆದು ತೊಳೆಯದೆ ಬಿಟ್ಟವೂ ಅವುಗಳಲ್ಲಿರಬಹುದು.

ಅಂಥ ಡಬ್ಬಿ ಸಿಕ್ಕಿದವರಿಗೆ ಎರಡು ಮಾತು. ತೊಳೆದ ಸುರುಳಿಯಿಂದ ಹುಳಿಯಾದ ವಾಸನೆ ಬಂದರೆ ಅದರ ಆಧಾರಪಟ್ಟಿ ಕೊಳೆಯತೊಡಗಿದೆಯೆಂದು ತಿಳಿದು ತಂಪಾದ, ಗಾಳಿಯಾಡುವ ಕಡೆ ಬೇರೆಯಾಗಿ ಇಡಬೇಕು. 1950ರ ದಶಕಕ್ಕೆ ಹಿಂದಿನ 35 ಮಿಲಿಮೀಟರಿನ ಫಿಲ್ಮಾದರೆ ಅದು ಬೆಂಕಿಗೆ ಬಹುಬೇಗ ತುತ್ತಾಗುವ ನೈಟ್ರೇಟಾಗಿರಬಹುದು. ದೀಪದ ಬಳಿ ತರಬಾರದು. ತೊಳೆಯದ ಸುರುಳಿಯಾದರೆ ಬೆಳಕಿಗೆ ಬಿಚ್ಚಿ ನೋಡಕೂಡದು. ಅದರೊಳಗಿನ ಕಾಣದ ರೂಪ ವರ್ಷವರ್ಷಕ್ಕೂ ಮಾಸುತ್ತ ಹೋಗುವುದಾದರೂ, ಕಪ್ಪು ಬಿಳುಪಿನದಾದರೆ ಹಲವು ದಶಕಗಳ ಮೇಲೆಯೂ ಹೊರಬರುವುದುಂಟು. ಮೊದಲು ತುದಿಯ ಒಂದು ಮೊಳವನ್ನು ಕತ್ತರಿಸಿ ತೊಳೆದು ಪರೀಕ್ಷಿಸಿ, ಕಾಲವನ್ನು ನಿಷ್ಕರ್ಷಿಸಿಕೊಂಡು, ಬಳಿಕ ಉಳಿದುದಕ್ಕೆ ಕೈಹಾಕಬೇಕು.

ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರ, ಮಸಿ ತೀಡುವವರೆಗೆ ಕಣ್ಣಿಗೆ ತೋರುವುದಿಲ್ಲವೆಂಬುದನ್ನು ನಮ್ಮ ಪಂಡಿತರೆಲ್ಲರೂ ಬಲ್ಲರು. ಕೊರೆದವನೊಬ್ಬನು, ಮಸಿ ತೀಡಿದವನು ಮತ್ತೊಬ್ಬನಾಗಿರಬಹುದು. ಆದರೆ ಮಸಿಯಿಲ್ಲದೆ ಓದಿಲ್ಲ. ಫಿಲ್ಮಿನ ತೊಟ್ಟಿಯು ಈ ಮಸಿಯ ಸ್ಥಾನದಲ್ಲಿದೆ. ದಾದರಿನ ಅಡಿಗೆಮನೆಯಲ್ಲಿ, ಹಡ್ಸನ್ ಕೊಲ್ಲಿಯ ಗುಡಿಸಲಿನಲ್ಲಿ, ಸಮೋವದ ಗುಹೆಯಲ್ಲಿ ಅದು ಜನರ ನಡುವೆಯೇ ಇದ್ದಿತು. ಕಪಿಲೆಯ ತೀರದ ಚಿತ್ರದಲ್ಲಿ ಏನನ್ನು ಉಳಿಸಬೇಕೆಂಬ ತೀರ್ಮಾನ ಬೇರೆಯವರ ಕೈಸೇರಿತು. ಉಳಿದಿರುವ ಸುರುಳಿಗಳ ಮಟ್ಟಿಗಾದರೂ ಮಸಿ ತೀಡುವ ಕೆಲಸವನ್ನು ಈ ಸೀಮೆಯವರೇ ವಹಿಸಿಕೊಳ್ಳುವುದು ಸಾಧ್ಯವೆಂದೂ, ಅದಕ್ಕೆ ಬೇಕಾದುದು ಒಂದು ಮರದ ಉರುಳೆ, ಒಂದು ಬಾನಿ, ತಿಳಿನೀರು ಮತ್ತು ಮಾಗಿಯ ಒಂದು ಇರುಳು ಎಂದೂ ಹೇಳಿ ಈ ಲೇಖನವನ್ನು ಮುಗಿಸುತ್ತೇವೆ.